ಬಾಗಿಲಲ್ಲಿ ನನ್ನದೇ ದನಿ

ಗೆಳೆಯರೇ, ಇವತ್ತು ಮಧ್ಯಾಹ್ನ ನಮ್ಮತ್ತೆ ನನಗೆ ಹಿಡಿದ ದೆವ್ವ ಬಿಡಿಸಿದರು.

ಯಾರಾದರೂ ಬಂದರೆ ನನ್ನ ದನಿಯಲ್ಲಿ ‘ಯಾರ್ರೀ ಅದು?’ ಎಂದು ಕೇಳುವ ಅಂಗೈಯಗಲದ ಕಂಪ್ಯೂಟರೊಂದನ್ನು ಬಾಗಿಲ ಬಳಿ ಕೂರಿಸಿದ್ದೆ. ಕರೆಂಟ್ ಹೋದರೂ ನಡೆಯಲಿ ಎಂದು ಹಳೆಯ ಟ್ಯಾಬ್ಲೆಟ್ಟಿನ ಲಿಥಿಯಂ ಬ್ಯಾಟರಿ ಜೋಡಿಸಿದ್ದೆ. ಇವತ್ತು ವಿಶಾಖಪಟ್ಟಣದ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ‘ಯಾರ್ರೀ ಅದು?’ ಎಂದಿತು ಬಾಗಿಲು. ಹೊರಗೆ ಯಾರೂ ಇರಲಿಲ್ಲ. ಅರ್ಧ ನಿಮಿಷ ಬಿಟ್ಟು ಮತ್ತೆ ಕೇಳಿತು. ಮತ್ತೆ.

ಅನಕಾಪಲ್ಲಿಯಿಂದ ಬಂದಿದ್ದ ಅತ್ತೆ ನನ್ನನ್ನೇ ನೋಡಿದರು. “ಬಾಬೂ, ನೀವು ಇಲ್ಲೇ ಕೂತಿದ್ದೀರಿ. ಮತ್ತೆ ಅಲ್ಲಿ ಮಾತಾಡ್ತಿರೋದು ಯಾರು?”

ನಗು ಬರಬೇಕಿತ್ತು, ಬರಲಿಲ್ಲ. ಎದ್ದು ಹೋಗಿ ನೋಡಿದೆ. ಬ್ಯಾಟರಿಯಲ್ಲಿ ಶಕ್ತಿ ಸಾಲದೆ ಯಂತ್ರ ಮತ್ತೆ ಮತ್ತೆ ಆಫ್ ಆಗಿ ಆನ್ ಆಗುತ್ತಿತ್ತು, ಆನ್ ಆದಾಗಲೆಲ್ಲ ಕೇಳುತ್ತಿತ್ತು. ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಬಿಸಿಯಾಗಿತ್ತು. ತಂತಿ ಕಿತ್ತು, ಅದನ್ನು ಬಟ್ಟೆಯಲ್ಲಿ ಹಿಡಿದು ತಿರುಗಿದರೆ, ದೃಷ್ಟಿ ತೆಗೆಯಲು ಉರಿಯುವ ಕರ್ಪೂರ ಹಿಡಿದು ಅತ್ತೆ ನಿಂತಿದ್ದರು.

“ಅತ್ತೀ, ಬೆಂಕಿ ತರಬ್ಯಾಡ್ರೀ!” ಎಂದು ಕಿರುಚಿದೆ.

ಅತ್ತೆ ನನ್ನ ಹೆಂಡತಿಯತ್ತ ತಿರುಗಿ ಮೆಲ್ಲಗೆ ಹೇಳಿದರು, “ನೋಡಮ್ಮಾ, ಕರ್ಪೂರ ಕಂಡ್ರೆ ಹೆದರ್ತಿದ್ದಾರೆ. ಒಳಗೇ ಸೇರಿಬಿಟ್ಟಿದೆ.”

ಉಬ್ಬಿದ ಬ್ಯಾಟರಿಯನ್ನು ಬೆನ್ನ ಹಿಂದೆ ಚಾಚಿ ಹಿಡಿದು ಉಸಿರು ಬಿಗಿಹಿಡಿದೆ. ಉರಿ ನನ್ನ ಮುಖದ ಮುಂದೆ ಮೂರು ಸುತ್ತು ಬಂತು.

ಆಮೇಲೆ ಬ್ಯಾಟರಿಯನ್ನು ತಾರಸಿಯಲ್ಲಿ ಮರಳಿನ ಬಕೆಟ್ಟಿಗೆ ಹಾಕಿದೆ. ಸಂಜೆ ನೋಡಿದರೆ ಮರಳ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣು. ಬ್ಯಾಟರಿಗೆ ರಕ್ಷಣೆಯ ಸರ್ಕ್ಯೂಟ್ ಹಾಕದೇ ಬಿಟ್ಟವನು ನಾನು. ಆ ನಿಂಬೆಹಣ್ಣು ತೆಗೆಯುವ ಮುಖ ನನಗಿರಲಿಲ್ಲ.