ಲಕ್ಕುಂಡಿಯ ಕಂಬ

ತ್ರಿಪುರಸುಂದರಿ ಇನ್ನೊಬ್ಬರ ತಪ್ಪನ್ನು ಕ್ಷಮಿಸುವ ಹೆಂಗಸಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಅಮೆರಿಕದ ಹೋಬೋಕನ್ನಿನಲ್ಲಿ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಸ್ಟುಡಿಯೋ ಒಂದರ ಮೇಲ್ವಿಚಾರಕಿಯಾಗಿದ್ದಳು. ಅವಳ ನಾಲಿಗೆಗೆ ಹೆದರಿ ಇಬ್ಬರು ಆಗಲೇ ಕೆಲಸ ಬಿಟ್ಟಿದ್ದರು.

೧೯೭೩ರಲ್ಲಿ ಗದಗಿನ ಪಂಕಜಾ ಮೂರನೆಯವಳಾಗಿ ಸೇರಿದಳು. ಇಂಗ್ಲೆಂಡಿನ ಹಳ್ಳಿಯ ಬಂಗಲೆಯೊಂದರ ಊಟದ ಕೋಣೆಯಿಂದ ಕಳಚಿ ತಂದ ದೊಡ್ಡ ಚಿತ್ರವೊಂದು ಬಂದಿತ್ತು: ಮುರಿದ ರೋಮನ್ ಕಮಾನುಗಳು, ಬಳ್ಳಿ ಹಬ್ಬಿದ ಕಂಬಗಳು. ನೀರು ಬಿದ್ದು ಅಳಿಸಿಹೋಗಿದ್ದ ಒಂದು ಕಂಬದ ಬುಡವನ್ನು ತುಂಬುವುದೇ ಪಂಕಜಾಳಿಗೆ ಪರೀಕ್ಷೆ. ಸ್ಟುಡಿಯೋದ ಮಾಲೀಕ ನೋಡಿ ಒಪ್ಪಿದರೆ ಕೆಲಸ ಖಾಯಂ, ಇಲ್ಲವಾದರೆ ಅವತ್ತೇ ಮನೆಗೆ.

ಮಾಲೀಕ ಬರುವ ದಿನ ಬೆಳಿಗ್ಗೆ ತ್ರಿಪುರಸುಂದರಿ ಬಗ್ಗಿ ನೋಡಿದಳು. ಕಂಬದ ಬುಡದಲ್ಲಿ ತಿರುಗಣೆಗೆ ಹಾಕಿ ಕಡೆದಂಥ ಉಂಗುರಗಳಿದ್ದವು.

“ಏನಮ್ಮಾ ಇದು? ರೋಮಿನವರು ನಿಮ್ಮ ಲಕ್ಕುಂಡಿ ಗುಡಿಯಿಂದ ಕಂಬ ತರಿಸಿದ್ರಾ?”

ಪಂಕಜಾ ಕುಂಚ ಕೆಳಗಿಟ್ಟಳು. “ಕೈ ತಾನs ಹಂಗ ಹೋತ್ರೀ, ಮೇಡಂ. ಸಣ್ಣಾಕಿ ಇದ್ದಾಗಿಂದ ಅವನ್ನs ನೋಡೇನ್ರೀ.”

“ಪಕ್ಕದಲ್ಲೇ ಇನ್ನೊಂದು ಕಂಬ ಇದೆಯಲ್ಲ, ಅದು ಕಾಣ್ಲಿಲ್ವಾ?”

ತ್ರಿಪುರಸುಂದರಿ ಹತ್ತಿಯನ್ನು ಬಣ್ಣ ಕರಗಿಸುವ ದ್ರಾವಣದಲ್ಲಿ ಅದ್ದಿ, ಮೂರು ದಿನದ ಕೆಲಸವನ್ನು ಮೂರು ನಿಮಿಷದಲ್ಲಿ ಒರೆಸಿಹಾಕಿದಳು. ಪಂಕಜಾ ತನ್ನ ಚೀಲ ಎತ್ತಿಕೊಂಡಳು.

“ಎಲ್ಲಿಗೆ ಹೊರಟೆ? ಕೂತ್ಕೋ. ಆ ಕಂಬ ನೋಡಿ ಮತ್ತೆ ಬರಿ.”

ಮೆಟ್ಟಿಲ ಮೇಲೆ ಮಾಲೀಕನ ಬೂಟಿನ ಸದ್ದಾಯಿತು. ತ್ರಿಪುರಸುಂದರಿ ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ವಾರ್ನಿಷ್ ಇನ್ನೂ ಹಸಿಯಾಗಿದೆ, ಧೂಳು ಕೂತೀತು, ಮೂರು ದಿನ ಬಿಟ್ಟು ಬನ್ನಿ ಎಂದು ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಒಳಗೆ ಕುಂಚ ಹಿಡಿದು ಕೂತ ಪಂಕಜಾಳಿಗೆ ಕೇಳಿಸಿತು. ಆ ಚಿತ್ರಕ್ಕೆ ಇನ್ನೂ ಯಾರೂ ವಾರ್ನಿಷ್ ಹಚ್ಚಿರಲೇ ಇಲ್ಲ.