ಚೀಲದ ಮೇಲೆ ನಕ್ಕ ನಮ್ಮ ಹಂಪಮ್ಮತ್ತೆ

ಕಂಪ್ಲಿಯ ಬೀಜದಂಗಡಿ ಶೆಟ್ಟರು ನಾನು ಬರೆದ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಟೇಬಲ್ ಮೇಲೆ ಬೋರಲು ಹಾಕಿದರು.

“ನಾ ಕೇಳಿದ್ದು ಲಕ್ಷ್ಮೀ ಚಿತ್ರ. ಈಕಿ ಯಾರಮ್ಮಾ?”

ಎಂಬತ್ತರ ದಶಕದ ಶುರು. ಗದಗಿನಲ್ಲಿ ಡ್ರಾಯಿಂಗ್ ಕಲಿತು ಹೊಸಪೇಟೆಗೆ ವಾಪಸ್ ಬಂದಿದ್ದೆ. ಭತ್ತದ ಬೀಜದ ಬಟ್ಟೆ ಚೀಲದ ಮೇಲೆ ಪ್ರಿಂಟ್ ಹಾಕಲು ಒಂದು ಡಿಸೈನ್... ಅದೇ ನನ್ನ ಮೊದಲ ಆರ್ಡರ್.

ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿದ್ದ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. “ಇದು ಆಗಲಿಲ್ಲಂದ್ರ ಟೈಪಿಂಗ್ ಕ್ಲಾಸಿಗೆ ಸೇರವಾ. ಸಾಕು ಈ ಬಣ್ಣದ ಹುಚ್ಚು.”

ಚಿತ್ರದಲ್ಲಿದ್ದವಳು ನನ್ನ ಸೋದರತ್ತೆ, ಮೆಟ್ರಿ ಊರಿನ ಹಂಪಮ್ಮ. ತಲೆಯ ಮೇಲೆ ಭತ್ತದ ಹೊರೆ, ಬಾಯಿ ತುಂಬ ನಗು, ಮುಂದಿನ ಒಂದು ಹಲ್ಲಿಲ್ಲ.

ಕೊಯ್ಲಿನ ದಿನ ಅವಳು ಹಾಗೆ ನಗುವುದನ್ನು ಕಂಡು ಗದ್ದೆಯ ಬದುವಿನ ಮೇಲೇ ಕೂತು ಬರೆದಿದ್ದೆ. ಚೀಲಕ್ಕೆ ಹಾಕಲಾ ಎಂದು ಕೇಳಿದಾಗ, “ಹಾಕ್ಕೋ ಹೋಗು. ನನ್ನ ಮಾರಿ ನೋಡಿ ಯಾರು ಕೊಳ್ತಾರ” ಎಂದು ಇನ್ನೂ ಜೋರಾಗಿ ನಕ್ಕಿದ್ದಳು.

“ಆ ಹಲ್ಲನ್ನಾದ್ರೂ ಬರದು ಕೊಡು” ಎಂದರು ಶೆಟ್ಟರು.

“ಹಲ್ಲು ಬರದ್ರ ಈಕಿ ನಮ್ಮತ್ತಿ ಆಗಂಗಿಲ್ರಿ.”

ಆ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

“ಹಂಗಾದ್ರ ಬ್ಯಾಡ ಬಿಡಮ್ಮ.”

ಹಾಳೆ ಎತ್ತಿಕೊಂಡು ಹೊರಗೆ ಬಂದೆ. ಮೆಟ್ಟಿಲ ಮೇಲೆ ಬೀಜಕ್ಕಾಗಿ ಬಂದ ನಾಲ್ಕೈದು ಹೆಂಗಸರು ಕೂತಿದ್ದರು. ಒಬ್ಬಳು, “ಏನದು, ತೋರ್ಸು” ಎಂದು ಕೈ ಚಾಚಿದಳು.

ನೋಡಿದಳು. ನಕ್ಕಳು. ಪಕ್ಕದವಳಿಗೆ ಕೊಟ್ಟಳು, ಅವಳೂ ನಕ್ಕಳು. ಮೂರನೆಯವಳು ಹೊಟ್ಟೆ ಹಿಡಿದುಕೊಂಡು, “ಥೇಟ್ ನಮ್ಮ ನಾದಿನಿ ನೋಡ್ರೇ” ಎಂದಳು.

ಆಮೇಲೆ ಮೊದಲನೆಯವಳು ಒಳಗೆ ಇಣುಕಿ ಕೇಳಿಯೇಬಿಟ್ಟಳು. “ಶೆಟ್ರ, ಈ ಅಕ್ಕನ ಬೀಜ ಐತೇನ್ರಿ? ನಮಗ ಅದನ್ನ ಕೊಡ್ರಿ.”

ಶೆಟ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮೀಸೆ ಮೆಲ್ಲಗೆ ಅಲುಗಾಡಿತು.

“ಹಲ್ಲು ಹಂಗ ಇರ್ಲಿ ಬಾ, ಒಳಗ ಕುಂದ್ರು.”

ಚೀಲಗಳು ಪ್ರಿಂಟ್ ಆಗಿ ಬಂದ ಮೇಲೆ, ಕಾಲುವೆಗೆ ನೀರು ಬಿಟ್ಟ ಸಮಯ. ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದೇನೆ. ಮುಂದೆ ಒಂದು ಟ್ರ್ಯಾಕ್ಟರ್, ಅದರ ತುಂಬ ಹಂಪಮ್ಮತ್ತೆ...

ಮೇಲೆ ಅತ್ತೆ, ಕೆಳಗೆ ಅತ್ತೆ, ಒಂದು ಚೀಲದಲ್ಲಿ ಅಡ್ಡ ಮಲಗಿದ ಅತ್ತೆ. ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದಾರೆ. ನನಗೂ ನಗು ತಡೆಯಲಾಗುತ್ತಿಲ್ಲ.

“ಯಾಕ್ರಿ ಅಕ್ಕಾರ, ಒಬ್ಬರೇ ನಗಾಕತ್ತೀರಿ?” ಎಂದ ಕಂಡಕ್ಟರ್.

“ಆ ಚಿತ್ರ ನಾ ಬರೆದಿದ್ದು. ಅಕಿ ನಮ್ಮತ್ತಿ.”

ಅವನು ಬಗ್ಗಿ ನೋಡಿ ಇಡೀ ಬಸ್ಸಿಗೆ ಸುದ್ದಿ ಹೇಳಿದ. ಜನ ಒಂದೇ ಕಡೆ ವಾಲಿದರು. ಯಾರೋ ಎದ್ದು ನನ್ನನ್ನು ಕಿಟಕಿ ಪಕ್ಕ ಕೂರಿಸಿದರು.

ಆಮೇಲೆ ಪಂಪ್‌ಸೆಟ್, ಬೆಲ್ಲ, ಚಹಾಪುಡಿ... ಸಂಡೂರಿನವರೆಗೂ ಎಲ್ಲರಿಗೂ ನಗುವ ಮುಖಗಳೇ ಬೇಕು. ಬಳ್ಳಾರಿಯ ಪೇಂಟರುಗಳು ನಮ್ಮತ್ತೆಯಲ್ಲದ ಹೆಂಗಸರ ಹಲ್ಲನ್ನೂ ಅಳಿಸತೊಡಗಿದರು. ಕಾಪಿ ಹೊಡೆದಿದ್ದಾರೆಂದು ಸಿಟ್ಟು ಬರಬೇಕಿತ್ತು, ನನಗೆ ಹೆಮ್ಮೆಯೇ ಆಯಿತು.

ಟೈಪಿಂಗ್ ಮಾತು ಅಪ್ಪ ಮತ್ತೆ ಎತ್ತಲಿಲ್ಲ. ಆ ಬೀಜದ ಚೀಲದಲ್ಲೇ ತರಕಾರಿ ತರುತ್ತಿದ್ದರು, ಚಿತ್ರ ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು.

ಹಂಪಮ್ಮತ್ತೆಗೆ ಮಗ ಹಲ್ಲು ಕಟ್ಟಿಸುತ್ತೇನೆಂದ. “ಬ್ಯಾಡಪಾ. ಸಂತ್ಯಾಗ ನನ್ನ ಯಾರು ಗುರುತು ಹಿಡೀತಾರ?” ಎಂದಳು.

ಅದಾದ ಮೇಲೆ ಎಷ್ಟೋ ದೊಡ್ಡ ಕೆಲಸ ಮಾಡಿದೆ, ಆದರೆ ಆ ಬಸ್ಸಿನಷ್ಟು ಯಾವುದೂ ನನ್ನನ್ನು ಖುಷಿಯಲ್ಲಿ ತೇಲಿಸಲಿಲ್ಲ.

ನೀವು ಮಾಡಿದ ಕೆಲಸ ಮೊದಲ ಸಲ ದಾರಿಯಲ್ಲಿ ಎದುರಾದಾಗ ನಿಮಗೇನಾಯಿತು?