ಪೆನ್ಸಿಲಿನ ಇಂಟು ಮಾರ್ಕು

ಮೊನ್ನೆ ಭಾನುವಾರ ಬೆಳಿಗ್ಗೆ ಬ್ಲೇಡಿನಲ್ಲಿ ಪೆನ್ಸಿಲ್ ಹೆರೆಯುತ್ತಾ ಕೂತಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳಿಗೆ ಆ ವಾಸನೆಗೆ ಶಾಲೆ ನೆನಪಾಗಬೇಕಿತ್ತು. ನೆನಪಾದದ್ದು ನಮ್ಮ ಬೀದಿಯ ಇನ್ಶೂರೆನ್ಸ್ ಏಜೆಂಟರು. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಅವರು ಪಾಲಿಸಿ ಅಂಕಲ್, ಅಷ್ಟೆ.

ಅವರ ಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು. ಯಾವ ಫಾರಂ ತಂದರೂ ಸಹಿ ಬೇಕಾದ ಕಡೆಯಲ್ಲೆಲ್ಲ ಸಣ್ಣದಾಗಿ ಇಂಟು ಮಾರ್ಕು ಹಾಕಿಯೇ ತರುತ್ತಿದ್ದರು. ನಾವು ಅದರ ಪಕ್ಕ ಸಹಿ ಹಾಕಿದರೆ ಆಯಿತು. ಹತ್ತು ಪುಟದ ಫಾರಮ್ಮಾದರೂ ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ‘ಪ್ರಶ್ನೆಪತ್ರಿಕೆ ಎರಡು ಸಲ ಓದ್ರೋ’ ಎಂದು ಮಕ್ಕಳಿಗೆ ಗದರುತ್ತಿದ್ದ ನಾನೂ ಅದನ್ನು ಒಂದು ದಿನ ಓದಿದವಳಲ್ಲ.

ಆ ನಂಬಿಕೆ ಸುಮ್ಮನೆ ಬಂದದ್ದಲ್ಲ. ನಮ್ಮ ಯಜಮಾನರು ತೀರಿಕೊಂಡಾಗ, ಹನ್ನೊಂದನೇ ದಿನ ಕಳೆಯುವ ಮೊದಲೇ ಕಾಗದವೆಲ್ಲ ಹೊಂದಿಸಿಕೊಂಡು ಅಂಕಲ್ ತಾವೇ ವಿಮೆ ಕಚೇರಿಗೆ ಹೋಗಿ ಕ್ಯೂ ನಿಂತಿದ್ದರು. ನನ್ನನ್ನು ಒಂದು ದಿನವೂ ಕಚೇರಿಗೆ ಅಲೆಸಲಿಲ್ಲ. ಮಗನ ಕಾಲೇಜು ನಡೆದದ್ದು ಆ ದುಡ್ಡಿನಿಂದ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಬಂದು ಕೂತರು. ಕೊಟ್ಟ ಕಾಫಿ ಮುಟ್ಟಲಿಲ್ಲ. ವಿಮೆಗೆ ನಿಯಮ ಮಾಡುವವರು ಹೊಸ ಕರಡು ಹೊರಡಿಸಿದ್ದರಂತೆ. ಹಳೆಯದಿರಲಿ ಹೊಸದಿರಲಿ, ಪಾಲಿಸಿಯನ್ನು ಮಧ್ಯದಲ್ಲೇ ನಿಲ್ಲಿಸಿದವರಿಗೆ ಈಗ ಕೊಡುವುದಕ್ಕಿಂತ ಹೆಚ್ಚು ದುಡ್ಡು ವಾಪಸ್ಸು ಕೊಡಬೇಕು ಎಂದು. ಹಾಗೆ ಕೊಡಬೇಕಾದರೆ ಕಂಪನಿಗಳು ಏಜೆಂಟರ ಕಮಿಷನ್ನಿಗೆ ಕತ್ತರಿ ಹಾಕುವುದು ಖಂಡಿತ. ಅದಕ್ಕೆ ಏಜೆಂಟರೆಲ್ಲ ಸೇರಿ, ಗ್ರಾಹಕರಿಂದಲೇ ಸಹಿ ಮಾಡಿಸಿದ ಮನವಿಯನ್ನು ಎಂಪಿಯವರ ಕೈಗೆ ಕೊಟ್ಟು ದೆಹಲಿಗೆ ಮುಟ್ಟಿಸಲು ಹೊರಟಿದ್ದರು.

“ಪತ್ರ ನೀವು ಬರ್ಕೊಡಿ ಟೀಚರ್. ನಮ್ಮೋರು ಬರೆದಿರೋ ಇಂಗ್ಲಿಷ್ ನೋಡಿದ್ರೆ ಎಂಪಿ ನಗ್ತಾರೆ.”

“ಮಧ್ಯದಲ್ಲಿ ಬಿಟ್ಟೋರಿಗೆ ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವಾ ಸಾರ್?”

“ಒಳ್ಳೇದೇ. ಆದ್ರೆ ನನ್ನ ಹೊಟ್ಟೆ ಮೇಲೆ ಹೊಡೆದು ಕೊಡೋ ಒಳ್ಳೇದು ಅದು.” ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಂಡು ಹೇಳಿದರು, “ನನ್ನ ಪಾಲಿಸಿ ಪಾರ್ಟಿ ಯಾರೂ ಮಧ್ಯದಲ್ಲಿ ಬಿಡಲ್ಲ ಟೀಚರ್. ನಾನು ಬಿಡೋಕೆ ಬಿಡಲ್ಲ.”

ಆಗಲ್ಲ ಎನ್ನಬಹುದಿತ್ತು. ದಾಕ್ಷಿಣ್ಯಕ್ಕೆ ಬಸಿರಾದವಳ ಗಾದೆಯನ್ನು ನಮ್ಮಜ್ಜಿ ದಿನಕ್ಕೊಂದು ಸಲ ಹೇಳುತ್ತಿದ್ದಳು, ಆದರೂ ಬುದ್ಧಿ ಬಂದಿರಲಿಲ್ಲ. ‘ಪಾಲಿಸಿದಾರರಾದ ನಾವು, ನಮ್ಮ ಹಿತಕ್ಕಾಗಿ, ಹಳೆಯ ನಿಯಮವನ್ನೇ ಉಳಿಸಬೇಕೆಂದು ಕೋರುತ್ತೇವೆ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ‘ನಮ್ಮ ಹಿತಕ್ಕಾಗಿ’ ಎಂಬುದು ಅವರು ಕೇಳಿದ್ದಲ್ಲ, ವಾಕ್ಯ ಚೆನ್ನಾಗಿ ಕೂರಲಿ ಎಂದು ನಾನೇ ಸೇರಿಸಿದ್ದು.

ಆ ವಾರವೆಲ್ಲ ಅವರು ಮನೆಮನೆ ತಿರುಗಿದರು. ಎದುರುಮನೆಯ ಔಟ್‌ಹೌಸಿನಲ್ಲಿ ಬ್ಲೌಸ್ ಹೊಲಿಯುವ ಹೆಂಗಸೊಬ್ಬಳಿದ್ದಾಳೆ. ಅವಳ ಗಂಡ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಿದ್ದ. ಅವಳೂ ಅಂಕಲ್ ಹತ್ತಿರವೇ ಒಂದು ಪಾಲಿಸಿ ಮಾಡಿಸಿದ್ದಳು. ನಾನು ಅಳತೆ ಕೊಡುತ್ತಾ ನಿಂತಿದ್ದಾಗಲೇ ಅಂಕಲ್ ಅಲ್ಲಿಗೂ ಬಂದರು.

“ಯಾತಕ್ಕೆ ಅಂಕಲ್ ಇದು?”

“ಮೇಲಕ್ಕೆ ಕಳಿಸೋದಮ್ಮ. ಎಲ್ಲಾರೂ ಹಾಕಿದಾರೆ.”

ಅವಳು ಹೊಲಿಗೆ ಮಿಷನ್ನಿನ ಮೇಲೇ ಕಾಗದ ಇಟ್ಟುಕೊಂಡು ಇಂಟು ಮಾರ್ಕಿನ ಪಕ್ಕ ಸಹಿ ಹಾಕಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ, ಪತ್ರದ ಒಂದೊಂದು ಪದವೂ ನನಗೆ ಬಾಯಿಪಾಠ... ಆದರೂ ಬಾಯಿ ಬಿಡಲಿಲ್ಲ.

ಕರಡನ್ನು ಕೈಬಿಟ್ಟರೆಂದು ಸುದ್ದಿ ಬಂದ ದಿನ ಅಂಕಲ್ ಇಡೀ ಬೀದಿಗೆ ಮೈಸೂರು ಪಾಕ್ ಹಂಚಿದರು. ಎಂಪಿಯವರಿಗೆ ಮನವಿ ಕೊಡುತ್ತಿರುವ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ, “ಎಡಗಡೆ ಮೊಣಕೈ ಕಾಣ್ತಿದೆಯಲ್ಲ, ಅದು ನಾನೇ” ಎಂದರು. ನಕ್ಕೆವು. ಮೈಸೂರು ಪಾಕ್ ನಾನೂ ತಿಂದೆ, ಹೊಲಿಯುವವಳೂ ತಿಂದಳು.

ಏಳೆಂಟು ತಿಂಗಳಿಗೆ ಅವಳ ಗಂಡನ ಬಲಗೈ ಲೇತಿಗೆ ಸಿಕ್ಕಿತು. ಮೂರು ಬೆರಳು ಹೋದವು, ಕೆಲಸವೂ ಹೋಯಿತು. ಪಾಲಿಸಿ ಮುರಿಸದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಬಿಡೋಕೆ ಬಿಡಲ್ಲ ಎಂದಿದ್ದ ಅಂಕಲ್ ಎರಡು ಕಂತು ಕೈಯಿಂದಲೇ ಕಟ್ಟಿ ನೋಡಿದರು, ಆಮೇಲೆ ಅವರಿಂದಲೂ ಆಗಲಿಲ್ಲ. ಫಾರಂ ತುಂಬಲು ಇಬ್ಬರೂ ನಮ್ಮ ವರಾಂಡಕ್ಕೇ ಬಂದರು. ಆವತ್ತು ಅಂಕಲ್ ಪೆನ್ಸಿಲನ್ನು ಕಿವಿಯಿಂದ ತೆಗೆಯಲೇ ಇಲ್ಲ.

“ಓದಿ ಸೈನ್ ಹಾಕಮ್ಮ,” ಎಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ನೀವು ಹೇಳಿದ್ಮೇಲೆ ಓದೋದೇನಿದೆ ಅಂಕಲ್. ಎಲ್ಲಿ ಹಾಕ್ಲಿ, ಗುರ್ತೇ ಇಲ್ವಲ್ಲ?”

ಅವರು ಬೆರಳಿಟ್ಟು ತೋರಿಸಿದರು.

ಅವಳು ಕಟ್ಟಿದ್ದರಲ್ಲಿ ಅರ್ಧವೂ ಬರಲಿಲ್ಲ. ಆ ಕರಡು ಜಾರಿಗೆ ಬಂದಿದ್ದರೆ ಮುಕ್ಕಾಲಾದರೂ ಬರುತ್ತಿತ್ತೋ ಏನೋ... ಬರದಂತೆ ಮಾಡಿ ಎಂದು ಕೇಳಿದ ಕಾಗದದಲ್ಲಿ ಅವಳ ಸಹಿ ಇತ್ತು, ಭಾಷೆ ನನ್ನದಿತ್ತು. “ನಮ್ಮ ಹಣೆಬರಹ ಟೀಚರ್. ಪಾಪ, ಅಂಕಲ್ ಎಷ್ಟು ಓಡಾಡಿದ್ರು,” ಎಂದು ಅವಳು ನನ್ನ ಮುಂದೆ ಹೇಳಿದಾಗ ನೆಲ ಬಿರಿಯಬಾರದೇ ಅನ್ನಿಸಿತು. ಅಂಕಲ್ ಆ ವರ್ಷವೆಲ್ಲ ನಮ್ಮ ಮನೆ ಮುಂದೆ ಹಾದುಹೋಗುವಾಗ ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ. ನಾನೂ ಕರೆಯಲಿಲ್ಲ.

ಆ ನಿಯಮ ಕೊನೆಗೂ ಬಂತು. ಹೊಸ ಪಾಲಿಸಿಗಳಿಗೆ ಮಾತ್ರ. ಅಂಕಲ್ ಕಮಿಷನ್ನೂ ಕಡಿಮೆಯಾಯಿತು. ಈ ಸಲವೂ ಏಜೆಂಟರ ಸಂಘದವರು ಸಹಿಗೆ ಹೊರಟಿದ್ದರಂತೆ, ಇವರು ಹೋಗಲಿಲ್ಲವೆಂದು ಕೇಳಿದೆ. ಹೋದ ತಿಂಗಳು ತಿಂಡಿ ತಿನ್ನುತ್ತಾ ಎದೆ ಹಿಡಿದುಕೊಂಡವರು ಆಸ್ಪತ್ರೆ ಮುಟ್ಟಲಿಲ್ಲ.

ಮೊನ್ನೆ ಭಾನುವಾರ ಅವರ ಹೆಂಡತಿ ನಮ್ಮ ಮನೆಗೆ ಬಂದರು, ಕೈಯಲ್ಲಿ ಅಂಕಲ್ಲಿನದೇ ಪಾಲಿಸಿಯ ಕ್ಲೇಮ್ ಫಾರಂ. ಊರಿಗೆಲ್ಲ ಫಾರಂ ತುಂಬಿಕೊಟ್ಟವರ ಮನೆಯಲ್ಲಿ ಫಾರಂ ತುಂಬುವವರಿರಲಿಲ್ಲ. “ಅವ್ರು ಹಾಕ್ತಿದ್ರಲ್ಲ ಟೀಚರ್, ಹಂಗೇ ಗುರ್ತು ಹಾಕ್ಕೊಡಿ,” ಎಂದರು. ಪೆನ್ಸಿಲ್ ಹೆರೆದದ್ದು ಅದಕ್ಕೆ.

ಸಾಕ್ಷಿಗೊಂದು ಸಹಿ ಬೇಕಿತ್ತು. ಅದಕ್ಕೆ ಅವರು ಹೊಲಿಯುವವಳನ್ನೇ ಕರೆತಂದಿದ್ದರು. ಅವಳು ಸೆರಗಿಗೆ ಅಂಟಿದ್ದ ದಾರದ ಚೂರು ಕೊಡವಿ ಪೆನ್ನು ಹಿಡಿದಳು. ಓದಿ ಹಾಕು ಎಂದು ಹೇಳಬೇಕೆಂದು ಬಾಯಿ ತೆರೆದೆ. ಆದರೆ ಇದನ್ನು ಓದು ಎಂದವಳು ಆ ಹಳೆಯ ಪತ್ರವನ್ನೂ ಓದಿ ಹೇಳಬೇಕಾಗುತ್ತದೆ, ಅದೂ ಅಂಕಲ್ ಹೆಂಡತಿಯ ಎದುರಿಗೆ...

“ಎಲ್ಲಿ ಹಾಕ್ಲಿ ಟೀಚರ್?” ಎಂದಳು.

ನಾನು ಬಗ್ಗಿ ಸಣ್ಣದಾಗಿ ಒಂದು ಇಂಟು ಮಾರ್ಕು ಹಾಕಿದೆ. ಅವಳು ಅದರ ಪಕ್ಕ ಸಹಿ ಹಾಕಿದಳು.